ಅಚ್ಚಿನ ಗುಡಿಸಲು

ಮೇಜಿನ ಮೇಲೆ ಹೆಬ್ಬೆರಳ ಗಾತ್ರದ ಯೋಧರನ್ನು ನಡೆಸಿ ಆಡುವವರು, ಆ ಯೋಧರಿಗೊಂದು ಊರು ಬೇಕೆಂದು ಪ್ರಾಚೀನ ಜಪಾನಿನ ಮನೆಗಳನ್ನು ತ್ರಿಮಿತಿ ಮುದ್ರಣಯಂತ್ರದಲ್ಲಿ ಅಚ್ಚು ಹಾಕಿಕೊಳ್ಳುತ್ತಾರೆ. ನೆಲವನ್ನು ತಗ್ಗಾಗಿ ಅಗೆದು, ಕಂಬ ನೆಟ್ಟು, ಹುಲ್ಲಿನ ಮಾಡನ್ನು ನೆಲದವರೆಗೆ ಇಳಿಸಿದ ಜೋಮೋನ್ ಕಾಲದ ಮನೆ ಅಂಥದೊಂದು. ಉತ್ಖನನದಲ್ಲಿ ಸಾಮಾನ್ಯವಾಗಿ ದೊರೆಯುವುದು ತಗ್ಗು, ಒಲೆಯ ಗುರುತು, ಕಂಬದ ಕುಳಿಗಳು. ಮಾಡು ಬಹುಮಟ್ಟಿಗೆ ವಿದ್ವಾಂಸರ ಊಹೆ. ಆಟದ ಮನೆಯಲ್ಲಿ ಸಾಕ್ಷ್ಯಕ್ಕೂ ಊಹೆಗೂ ಒಂದೇ ಬಣ್ಣ.

ಇದನ್ನು ಹುಡುಗಾಟವೆಂದು ತಳ್ಳಿಹಾಕುವುದು ಸಲ್ಲದು; ದಸರೆಯ ಬೊಂಬೆಗಳ ನಡುವೆ ಪುಟ್ಟ ಊರು ಕಟ್ಟುವ ಜನ ನಾವು. ಆದರೆ ಕಂಬದೂರಿನ ವಿದ್ಯಾರ್ಥಿಯೊಬ್ಬ ಆ ಯಂತ್ರದ ಮುಂದೆ ಕುಳಿತರೆ ತನ್ನ ಸೀಮೆಯ ಯಾವ ಮನೆಯನ್ನು ಅಚ್ಚು ಹಾಕಿಯಾನು? ನೆರೆಯ ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ ಎಂ. ಎಸ್. ನಾಗರಾಜರಾವ್ ಮತ್ತು ಕೆ. ಸಿ. ಮಲ್ಹೋತ್ರ 1963-64ರಲ್ಲಿ ನವಶಿಲಾಯುಗದ ದುಂಡು ಗುಡಿಸಲುಗಳ ನೆಲೆಯನ್ನು ಅಗೆದರು. 1965ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ವರದಿಯನ್ನು ಪ್ರಕಟಿಸಿತು. ಅಳಿದ ಆ ಗುಡಿಸಲುಗಳ ರೂಪವನ್ನು ಅರಿಯಲು ನೆರವಾದದ್ದು ಅಲ್ಲಿನ ಬೋಯರು ಕಟ್ಟುತ್ತಿದ್ದ ಗುಡಿಸಲು. ಬದುಕಿರುವ ಗುಡಿಸಲೂ ಮರೆಯಾದರೆ ಸತ್ತದ್ದನ್ನು ಓದುವ ಕೀಲಿಕೈ ಕಳೆದಂತೆ.

ಗುಡಿಸಲಿನೊಡನೆ ಮಾತೂ ಹೋಗುತ್ತದೆ. ಗುಡಿ, ಗುಡಿಸಲು ಒಂದೇ ಬೇರಿನ ಪದಗಳೆಂದು ಪರೀಕ್ಷೆಯಲ್ಲಿ ಬರೆಯುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ತೊಲೆಗೂ ಜಂತೆಗೂ ಇರುವ ಭೇದ ತಿಳಿಯದು. ನಾಗಂದಿಗೆ ಅವನಿಗೆ ಬರಿಯ ನಿಘಂಟಿನ ಶಬ್ದ. ಪಡಸಾಲೆ ಮರಾಠಿಯಲ್ಲಿ 'ಪಡಸಾಳ'ವಾಗಿ ಇನ್ನೂ ಉಸಿರಾಡುತ್ತಿದೆ. ನಮ್ಮ ಹೊಸ ಮನೆಗಳಲ್ಲಿ ಅದು 'ಹಾಲ್' ಆಗಿದೆ.

ಬರುವ ರಜೆಯಲ್ಲಿ ಕಲ್ಯಾಣದುರ್ಗದ ಕಡೆ ಉಳಿದಿರುವ ಹಳೆಯ ಮನೆಯೊಂದನ್ನು ಅಳೆದು, ಒಂದೊಂದು ಅಂಗಕ್ಕೂ ಮನೆಯವರು ಹೇಳುವ ಕನ್ನಡ, ತೆಲುಗು ಹೆಸರುಗಳನ್ನು ಬರೆದು ತರಲಿ. ಅಚ್ಚು ಹಾಕುವ ಕೆಲಸವನ್ನು ಎಂಜಿನಿಯರಿಂಗ್ ಓದುವ ಗೆಳೆಯರಿಗೆ ಬಿಡಬಹುದು.