ಸೀಮೆಸುಣ್ಣದ ಲೆಕ್ಕ

ಸಂಸಾರ ತೂಗಿಸುವ ವಿದ್ಯೆಯಲ್ಲಿ ಗೃಹಿಣಿಗೆ ಸರಿಸಾಟಿಯಾದವರು ಯಾರಾದರೂ ಇದ್ದರೆ ಅವರು ಸರ್ಕಾರಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಡಬ್ಬಿಯ ತಳ ಕಂಡರೂ ಅತಿಥಿಗೆ ಅದು ತಿಳಿಯಬಾರದೆಂಬುದು ಆಕೆಯ ಹಟ. ಸೀಮೆಸುಣ್ಣ ಮುಗಿದರೂ ಮಕ್ಕಳಿಗೆ ಅದು ತಿಳಿಯಬಾರದೆಂಬುದು ಇವರ ಹಟ. ವ್ಯತ್ಯಾಸವಿಷ್ಟೆ: ಆಕೆಗೆ ಇಬ್ಬರೋ ಮೂವರೋ ಮಕ್ಕಳು, ಇವರಿಗೆ ಅರವತ್ತು.

ಇದು ಉತ್ಪ್ರೇಕ್ಷೆಯಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಐದು ತರಗತಿಗಳ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರಿದ್ದರೆ ಸಾಕು. ತರಗತಿ ಐದು, ಗುರುಗಳು ಇಬ್ಬರು; ಈ ಭಾಗಾಕಾರದಲ್ಲಿ ಶೇಷವಾಗಿ ಉಳಿಯುವವರು ಮಕ್ಕಳು. ಜನಗಣತಿಗೂ ಚುನಾವಣೆಗೂ ಉಪಾಧ್ಯಾಯರನ್ನು ಕರೆಯಲು ಅದೇ ಕಾಯಿದೆ ಬಾಗಿಲು ತೆರೆದಿಟ್ಟಿದೆ. ಒಬ್ಬರು ಹೋದ ದಿನ ಉಳಿದವರೇ ಐದೂ ತರಗತಿಗೆ ಗುರುಗಳು, ಬಿಸಿಯೂಟಕ್ಕೆ ಮೇಲ್ವಿಚಾರಕರು, ಹಾಜರಿ ಪುಸ್ತಕಕ್ಕೆ ಗುಮಾಸ್ತರು.

ಇಂಥ ಇಕ್ಕಟ್ಟಿನಲ್ಲಿಯೂ ಬೆಳಕು ಮೂಡಿದ್ದುಂಟು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಉಪಾಧ್ಯಾಯರು ಋಷಿವ್ಯಾಲಿಯ ಪದ್ಧತಿಯನ್ನು ನೋಡಿ ಬಂದು, ಪಾಠಗಳನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಬಿಡಿಸಿದರು. ಅದೇ ‘ನಲಿ-ಕಲಿ’. ಮಕ್ಕಳು ನೆಲದ ಮೇಲೆ ಗುಂಪುಗೂಡಿ ಕೂರುತ್ತಾರೆ. ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲು ಹತ್ತುತ್ತಾರೆ. ಕಲಿತವರು ಪಕ್ಕದವರಿಗೆ ಕಲಿಸುತ್ತಾರೆ. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿದ್ದರೂ ಕಲಿಕೆ ನಿಲ್ಲುವುದಿಲ್ಲ. 2009–10ರಲ್ಲಿ ಈ ಕ್ರಮ ರಾಜ್ಯದ ಸರ್ಕಾರಿ ಶಾಲೆಗಳ ಕೆಳತರಗತಿಗಳಿಗೆ ವಿಸ್ತರಿಸಿತು.

ಆದರೆ ಇಲ್ಲಿಯೇ ಒಂದು ಅಪಾಯವೂ ಅಡಗಿದೆ. ಉಪಾಧ್ಯಾಯರ ಜಾಣ್ಮೆಯನ್ನು ಹೊಗಳುತ್ತ ಹೊಗಳುತ್ತ, ಆ ಜಾಣ್ಮೆ ಏಕೆ ಬೇಕಾಯಿತೆಂಬುದನ್ನು ಲೋಕ ಮರೆಯುತ್ತದೆ. ಒಬ್ಬರು ಎರಡು ತರಗತಿಗಳನ್ನು ನಿಭಾಯಿಸಿದರೆ, ಮೂರನೆಯದನ್ನೂ ವಹಿಸೋಣವೆಂದು ತೋರುತ್ತದೆ. ರಾಷ್ಟ್ರೀಯ ಆದಾಯದ ಶೇಕಡಾ 6ರಷ್ಟು ಶಿಕ್ಷಣಕ್ಕೆ ಸಲ್ಲಬೇಕೆಂದು 1964–66ರ ಕೊಠಾರಿ ಆಯೋಗ ಹೇಳಿತು. ದೇಶ ಇನ್ನೂ ಆ ಗುರಿಯನ್ನು ಮುಟ್ಟಿಲ್ಲ.

ಪಟ್ಟಣದ ಸಂಸಾರಗಳು ಈ ಲೆಕ್ಕದಿಂದ ಹೊರಗಿಲ್ಲ. ಶುಲ್ಕ ತೆರಬಲ್ಲವರು ಮಕ್ಕಳ ಕೈಹಿಡಿದು ಬೇರೆ ಶಾಲೆಗೆ ನಡೆದಾಗ ಮಕ್ಕಳಷ್ಟೇ ಹೋಗಲಿಲ್ಲ. ಅಧಿಕಾರಿಯ ಬಾಗಿಲು ತಟ್ಟಿ ಕೇಳಬಲ್ಲ ದನಿಯೂ ಜೊತೆಗೆ ಹೋಯಿತು. ಉಳಿದವರು ಕೂಲಿ ಬಿಟ್ಟು ಕೇಳಲು ಬರಲಾರದವರು.

ಸಂಜೆ ಗಂಟೆ ಬಾರಿಸಿದ ಮೇಲೆ ಉಪಾಧ್ಯಾಯರು ಉಳಿದ ಸೀಮೆಸುಣ್ಣದ ಚೂರುಗಳನ್ನು ಆರಿಸಿ ಡಬ್ಬಿಗೆ ಹಾಕುತ್ತಾರೆ. ನಾಳೆಗೆ ಬೇಕಲ್ಲ! ಅವರ ಮಿತವ್ಯಯ ಮೆಚ್ಚತಕ್ಕದ್ದೇ. ಅವರ ಮೇಲೆ ಅದನ್ನು ಹೊರಿಸಿದವರ ಮಿತವ್ಯಯಕ್ಕೆ ಮಾತ್ರ ಬೇರೆ ಹೆಸರಿದೆ.