ಹೊಸ ಕೊಠಡಿಯ ನಕ್ಷೆಯಲ್ಲಿ ನಲಿಕಲಿಗೆ ಜಾಗವೆಲ್ಲಿ?

ಚಿಕ್ಕಮಗಳೂರು ಜಿಲ್ಲೆ ಎಂದರೆ ಕಾಫಿ ತೋಟ, ಮಂಜು, ಮಳೆ ಎಂದುಕೊಂಡವರು ಪಂಚನಹಳ್ಳಿ ಕಡೆಗೆ ಬಂದು ನೋಡಬೇಕು. ಕಡೂರು ತಾಲ್ಲೂಕಿನ ಈ ಹೋಬಳಿ ಅಪ್ಪಟ ಬಯಲುಸೀಮೆ. ಹಾಸನ, ತುಮಕೂರು ಜಿಲ್ಲೆಗಳ ಗಡಿಗೆ ಹತ್ತಿರವಿರುವ ಇಲ್ಲಿ ಬದುಕು ನಿಂತಿರುವುದು ತೆಂಗು, ರಾಗಿ ಮತ್ತು ಕೊಳವೆಬಾವಿಯ ಮೇಲೆ. ಇಂಥ ಸೀಮೆಯ ಊರಿನ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೊಸ ಕೊಠಡಿ ಮಂಜೂರಾದರೆ ಅದು ಊರಿಗೇ ಸಡಗರ. ತಳಿರು ತೋರಣ ಕಟ್ಟುತ್ತಾರೆ, ನಾಮಫಲಕದ ಪರದೆ ಸರಿಯುತ್ತದೆ, ಭಾಷಣಗಳಾಗುತ್ತವೆ, ಮಕ್ಕಳಿಗೆ ಸಿಹಿ ಸಿಗುತ್ತದೆ. ಸಡಗರಪಡುವುದರಲ್ಲಿ ತಪ್ಪೇನಿಲ್ಲ. ಹಂಚು ಒಡೆದು ಸೋರುವ, ಮರದ ತೀರು ಗೆದ್ದಲು ಹಿಡಿದ, ಜೋರು ಮಳೆ ಬಂದರೆ ಮಕ್ಕಳನ್ನು ಪಕ್ಕದ ಕೋಣೆಗೆ ಓಡಿಸಬೇಕಾದ ಕಟ್ಟಡದಲ್ಲಿ ಪಾಠ ಮಾಡಿದವರಿಗೆ ಗಟ್ಟಿ ಸೂರಿನ ಬೆಲೆ ಗೊತ್ತು. ಹಳೆಯ ಶಾಲೆಯ ಸೊಬಗನ್ನು ಹಾಡಿ ಹೊಗಳುವವರು ಸಾಮಾನ್ಯವಾಗಿ ಅದರೊಳಗೆ ಕುಳಿತುಕೊಳ್ಳಬೇಕಾದವರಲ್ಲ.

ಆದರೆ ಉದ್ಘಾಟನೆಯ ಮರುದಿನ ಒಂದರಿಂದ ಮೂರನೇ ತರಗತಿಯ ಮಕ್ಕಳು ಆ ಕೊಠಡಿಯೊಳಗೆ ಕಾಲಿಟ್ಟಾಗ ಏನಾಗುತ್ತದೆ ಎಂಬುದನ್ನು ನಾವು ಕೇಳುವುದೇ ಇಲ್ಲ. ನಮ್ಮ ಸರ್ಕಾರ ಕಟ್ಟುವ ಕೊಠಡಿ ಒಂದು ಬಗೆಯ ಪಾಠಕ್ಕೆ ಹೊಂದುತ್ತದೆ, ಅದೇ ಸರ್ಕಾರ ಆ ಮಕ್ಕಳಿಗೆ ಗೊತ್ತುಮಾಡಿರುವ ‘ನಲಿಕಲಿ’ ಎಂಬ ಪಾಠದ ಕ್ರಮ ಇನ್ನೊಂದು ಬಗೆಯದು. ನಕ್ಷೆ ಬರೆಯುವವರೂ ನಲಿಕಲಿ ಶಿಕ್ಷಕಿಯೂ ಒಮ್ಮೆಯೂ ಎದುರುಬದುರು ಕುಳಿತಿಲ್ಲ ಎನ್ನುವುದು ಕೊಠಡಿ ನೋಡಿದರೇ ತಿಳಿಯುತ್ತದೆ.

ನಲಿಕಲಿ ಎಲ್ಲಿಂದಲೋ ತಂದು ಹೇರಿದ ಕ್ರಮವಲ್ಲ. ಡೇವಿಡ್ ಹಾರ್ಸ್‌ಬರೊ ಅವರು 1972ರಲ್ಲಿ ಕೋಲಾರ ಜಿಲ್ಲೆಯ ರಾಯಲ್ಪಾಡಿನಲ್ಲಿ ನೀಲ್‌ಬಾಗ್ ಶಾಲೆ ತೆರೆದರು. ಬೇರೆಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕುಳಿತು, ತಮ್ಮ ತಮ್ಮ ವೇಗದಲ್ಲಿ ಕಲಿಯುವ ಶಾಲೆ ಅದು. ಅಲ್ಲಿ ತರಬೇತಿ ಪಡೆದವರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ಕಾರ್ಡುಗಳ ಮೂಲಕ ಕಲಿಸುವ ಪದ್ಧತಿಯನ್ನು ಬೆಳೆಸಿದರು. ಅದನ್ನು ನೋಡಿಬಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಿಕ್ಷಕರು ಯುನಿಸೆಫ್ ನೆರವಿನಲ್ಲಿ 1995ರಲ್ಲಿ ತಮ್ಮದೇ ಕಾರ್ಡುಗಳನ್ನು ಮಾಡಿಕೊಂಡರು. 2009–10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಿಗೆ ಬಂತು. ಕೋಲಾರದಿಂದ ಹೊರಟು ಆಂಧ್ರ, ಮೈಸೂರು ಸುತ್ತಿ ಪಂಚನಹಳ್ಳಿ ತಲುಪಿದ ಕ್ರಮವಿದು. ರಾಜ್ಯಕ್ಕೆಲ್ಲ ಹಬ್ಬಿ ಹದಿನೈದು ವರ್ಷ ದಾಟಿದರೂ ಕಟ್ಟಡದ ನಕ್ಷೆಯೊಳಗೆ ಇನ್ನೂ ಇಳಿದಿಲ್ಲ.

ನಲಿಕಲಿ ಕೋಣೆ ಹೇಗಿರುತ್ತದೆ ಎಂದು ನೋಡದವರಿಗಾಗಿ ಹೇಳುತ್ತೇನೆ. ಸಾಲುಬೆಂಚು ಇಲ್ಲ. ಮಕ್ಕಳು ನೆಲದ ಮೇಲೆ, ಇಲ್ಲವೇ ಗಿಡ್ಡ ದುಂಡು ಮೇಜುಗಳ ಸುತ್ತ ಗುಂಪುಗಳಾಗಿ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕಿ ಪೂರ್ತಿ ಜತೆಗಿರಬೇಕು, ಇನ್ನೊಂದಕ್ಕೆ ಅರೆಬರೆ ನೆರವು ಸಾಕು, ಮತ್ತೊಂದರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ, ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಗೋಡೆಯ ಮೇಲೆ ಕಲಿಕೆಯ ಏಣಿಯ ಪಟ. ಮಗು ಬೆರಳಿಟ್ಟು ತಾನೆಲ್ಲಿದ್ದೇನೆ ಎಂದು ನೋಡಿಕೊಳ್ಳುತ್ತದೆ, ಚಿತ್ರದ ಗುರುತು ಹಿಡಿದು ತನ್ನ ಕಾರ್ಡು ತೆಗೆಯುತ್ತದೆ, ಅದಕ್ಕೆ ಹೊಂದುವ ಗುಂಪಿಗೆ ಹೋಗಿ ಕೂರುತ್ತದೆ. ಇಲ್ಲಿ ಅಕ್ಷರ ಕಲಿಕೆ ಶುರುವಾಗುವುದು ಅ ಆ ಇ ಈ ಎಂದಲ್ಲ. ರ, ಗ, ಸ, ದ, ಅ ಎಂದು. ಐದೇ ಅಕ್ಷರ ಬಂದರೆ ಸರ, ಅರಸ, ಅಗಸ, ಗರಗಸ ಎಂದು ಮಗು ಓದಿಬಿಡುತ್ತದೆ. ಆರು ವರ್ಷದ ಮಗುವಿಗೆ ‘ನನಗೆ ಓದಲು ಬರುತ್ತದೆ’ ಎಂಬ ಧೈರ್ಯ ಬರಲು ಐವತ್ತು ಅಕ್ಷರ ಮುಗಿಯುವವರೆಗೆ ಕಾಯಬೇಕಿಲ್ಲ. ಬರೆಯಲು ಗೋಡೆಯ ಬುಡದಲ್ಲಿ, ಮಗುವಿನ ಕೈಗೆಟಕುವ ಎತ್ತರದಲ್ಲಿ ಕಪ್ಪುಪಟ್ಟಿ. ತಲೆಯ ಮೇಲೆ ದಾರ ಎಳೆದು ಕಟ್ಟಿದ ಚಪ್ಪರ, ಅದರ ತುಂಬ ಮಕ್ಕಳೇ ಬರೆದ ಚಿತ್ರ, ಕತ್ತರಿಸಿದ ಕಾಗದ.

ಈಗ ಇದನ್ನು ಹೊಸ ಕೊಠಡಿಯಲ್ಲಿ ಇಟ್ಟು ನೋಡಿ. ಎದುರು ಗೋಡೆಯಲ್ಲಿ ದೊಡ್ಡವರ ಎತ್ತರಕ್ಕೆ ಒಂದೇ ಹಲಗೆ. ಸುತ್ತಲೂ ಕೈ ಜಾರುವ ಎಣ್ಣೆಬಣ್ಣದ ಗೋಡೆ, ಅದರ ಮೇಲೆ ಸೀಮೆಸುಣ್ಣ ಹಿಡಿಯುವುದಿಲ್ಲ. ಚಪ್ಪರ ಕಟ್ಟೋಣವೆಂದರೆ ಕಾಂಕ್ರೀಟಿನ ಸೂರಿನಲ್ಲಿ ಒಂದು ಕೊಕ್ಕೆ ಇಲ್ಲ. ಮೊಳೆ ಹೊಡೆದರೆ ಹೊಸ ಗೋಡೆ ಹಾಳಾಯಿತೆಂಬ ಆಕ್ಷೇಪಣೆ. ಕಾರ್ಡಿನ ತಟ್ಟೆಗಳನ್ನಿಡಲು ಮಗುವಿನ ಎತ್ತರದ ಕಪಾಟು ಇಲ್ಲ, ಹಾಗಾಗಿ ಕಾರ್ಡುಗಳು ಬೀರುವಿನೊಳಗೆ ಸೇರುತ್ತವೆ, ಬೀಗದ ಕೈ ಮುಖ್ಯಶಿಕ್ಷಕರ ಬಳಿ ಇರುತ್ತದೆ. ಮಗು ತಾನೇ ಕಾರ್ಡು ತೆಗೆದುಕೊಳ್ಳುವುದು ನಿಂತಿತೆಂದರೆ ನಲಿಕಲಿ ಅಲ್ಲಿಗೇ ನಿಂತಿತು. ಉಳಿಯುವುದು ಹೆಸರು ಮಾತ್ರ.

ಇವೆಲ್ಲಕ್ಕಿಂತ ದೊಡ್ಡದು, ಯಾರೂ ಮಾತಾಡದ್ದು, ಸದ್ದಿನ ವಿಷಯ. ಹಂಚಿನ ಮಾಡಿನ ಹಳೆಯ ಕೋಣೆಯಲ್ಲಿ ಸಂದುಗಳಿಂದ ಗಾಳಿಯಂತೆ ಸದ್ದೂ ಹೊರಗೆ ಹೋಗುತ್ತಿತ್ತು. ಹೊಸ ಕೊಠಡಿಯ ಸೂರು ಕಾಂಕ್ರೀಟು, ಗೋಡೆ ಸಿಮೆಂಟು, ನೆಲ ನುಣ್ಣನೆಯ ಟೈಲ್ಸು. ಆರೂ ಕಡೆಯಿಂದ ಸದ್ದು ಮರಳಿ ಬರುತ್ತದೆ. ಒಬ್ಬರು ಮಾತಾಡಿ ಉಳಿದವರು ಸುಮ್ಮನೆ ಕೇಳುವ ತರಗತಿಯಲ್ಲಿ ಇದನ್ನು ಹೇಗೋ ಸಹಿಸಬಹುದು. ನಾಲ್ಕೈದು ಗುಂಪುಗಳು ಒಟ್ಟಿಗೆ ಹಾಡುವ, ಓದುವ, ಎಣಿಸುವ ನಲಿಕಲಿಯಲ್ಲಿ ಎಲ್ಲ ಸೇರಿ ಗದ್ದಲವಾಗುತ್ತದೆ. ಗದ್ದಲದಲ್ಲಿ ಮೊದಲು ಕಳೆದುಹೋಗುವುದು ವ್ಯಂಜನಗಳು. ಹುಲಿ, ಹುಳಿ, ಬಲೆ, ಬಳೆ: ಈಗಷ್ಟೇ ಅಕ್ಷರ ಹಿಡಿಯುತ್ತಿರುವ ಮಗುವಿಗೆ ಈ ವ್ಯತ್ಯಾಸ ಕಿವಿಗೆ ಬೀಳದಿದ್ದರೆ ಕೈಗೂ ಬರುವುದಿಲ್ಲ. ದೊಡ್ಡವರು ಕೇಳಿಸದ ಅಕ್ಷರವನ್ನು ಸಂದರ್ಭದಿಂದ ಊಹಿಸಿ ತುಂಬಿಕೊಳ್ಳುತ್ತಾರೆ. ಮಗುವಿನ ಬಳಿ ಆ ಬಂಡವಾಳ ಇನ್ನೂ ಇಲ್ಲ. ಅಮೆರಿಕದಲ್ಲಿ ಶಾಲಾ ಕೊಠಡಿಗಳಿಗೆಂದೇ ಧ್ವನಿಯ ಮಾನದಂಡವಿದೆ. ಖಾಲಿ ಇರುವ ಸಾಮಾನ್ಯ ಗಾತ್ರದ ತರಗತಿಯಲ್ಲಿ ಸದ್ದು ಅನುರಣಿಸುವ ಅವಧಿ 0.6 ಸೆಕೆಂಡು ಮೀರಬಾರದು ಎಂದು ಅದು ಹೇಳುತ್ತದೆ. ನಮ್ಮಲ್ಲಿ ಕೊಠಡಿ ಹಸ್ತಾಂತರಿಸಿಕೊಳ್ಳುವಾಗ ಒಮ್ಮೆ ಚಪ್ಪಾಳೆ ತಟ್ಟಿ ಕೇಳುವವರೂ ಇಲ್ಲ. ದಿನವಿಡೀ ಗಂಟಲು ಹರಿದುಕೊಳ್ಳುವ ಶಿಕ್ಷಕಿ ಕೊನೆಗೆ ‘ಕೈಕಟ್ಟಿ, ಬಾಯಿಮೇಲೆ ಬೆರಳು’ ಎನ್ನುತ್ತಾರೆ. ಆಕೆಯನ್ನು ದೂರುವ ಮುನ್ನ ಆ ಕೋಣೆಯಲ್ಲಿ ಅರ್ಧ ಗಂಟೆ ಕುಳಿತು ನೋಡಿ.

ಬಿಸಿಲಿನದೂ ಹೀಗೆಯೇ. ಶಿವರಾತ್ರಿ ಕಳೆಯುತ್ತಿದ್ದಂತೆ ಈ ಬಯಲಿನಲ್ಲಿ ಬಿಸಿಲು ಚುರುಗುಟ್ಟುತ್ತದೆ. ಬೇಸಿಗೆ ರಜೆ ಬರುವುದು ಏಪ್ರಿಲ್ ಎರಡನೇ ವಾರಕ್ಕೆ. ಕಾಂಕ್ರೀಟು ಸೂರು ಬೆಳಗಿನಿಂದ ಹೀರಿದ ಬಿಸಿಯನ್ನು ಊಟದ ನಂತರ ಕೆಳಕ್ಕೆ ಬಿಡಲು ಶುರುಮಾಡುತ್ತದೆ. ಸೂರಿನ ಮೇಲೆ ವರ್ಷಕ್ಕೊಮ್ಮೆ ದಪ್ಪಗೆ ಸುಣ್ಣ ಬಳಿದರೂ ಎಷ್ಟೋ ವಾಸಿ. ಜಗಲಿ ಇದ್ದರೆ ಇನ್ನೂ ವಾಸಿ. ಕೇಂದ್ರ ಸರ್ಕಾರ 1987ರಲ್ಲಿ ‘ಕಪ್ಪುಹಲಗೆ ಕಾರ್ಯಾಚರಣೆ’ ತಂದಾಗ ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ದೊಡ್ಡ ಕೋಣೆ, ಅವಕ್ಕೆ ಅಗಲವಾದ ಜಗಲಿ ಇರಬೇಕೆಂದು ಬರೆದುಕೊಂಡಿತ್ತು. ಖರ್ಚಿನ ಲೆಕ್ಕದಲ್ಲಿ ಜಗಲಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಬಂದಿದೆ. ಮಕ್ಕಳು ಬಿಸಿಯೂಟಕ್ಕೆ ಸಾಲಾಗಿ ಕೂರುವುದು, ಓದುವುದರಲ್ಲಿ ಹಿಂದುಳಿದವನನ್ನು ಶಿಕ್ಷಕಿ ಪಕ್ಕಕ್ಕೆ ಕರೆದು ಓದಿಸುವುದು, ಮಳೆ ಬಂದಾಗ ಆಡುವುದು ಎಲ್ಲ ಅಲ್ಲಿಯೇ. ನನ್ನ ಅಭಿಪ್ರಾಯದಲ್ಲಿ ಜಗಲಿ ಇಲ್ಲದ ಶಾಲೆಗೆ ಅರ್ಧ ತರಗತಿಯೇ ಇಲ್ಲ.

ಕೊಠಡಿಯ ಒಳಗು ಇಷ್ಟೊಂದು ಮುಖ್ಯವೇ ಎಂದು ಕೇಳುವವರಿಗೆ ಇಂಗ್ಲೆಂಡಿನ ಸಾಲ್ಫೋರ್ಡ್ ವಿಶ್ವವಿದ್ಯಾಲಯದ ಅಧ್ಯಯನವೊಂದಿದೆ. 27 ಪ್ರಾಥಮಿಕ ಶಾಲೆಗಳ 153 ತರಗತಿ ಕೋಣೆಗಳು, 3,766 ಮಕ್ಕಳು. ಮಕ್ಕಳ ಒಂದು ವರ್ಷದ ಪ್ರಗತಿಯಲ್ಲಿ ಕಂಡ ವ್ಯತ್ಯಾಸದ ಶೇ 16ರಷ್ಟು ಕೋಣೆಯ ಭೌತಿಕ ಗುಣಗಳಿಂದಲೇ ಬಂದಿದೆ ಎಂದು 2015ರಲ್ಲಿ ಪ್ರಕಟವಾದ ಅದರ ವರದಿ ಹೇಳಿತು. ಬೆಳಕು, ಗಾಳಿ, ಸೆಕೆ, ಮಗುವಿಗೆ ‘ಇದು ನನ್ನ ಜಾಗ’ ಅನಿಸುವಂಥ ಜೋಡಣೆ ಅವುಗಳಲ್ಲಿ ಮುಖ್ಯವಾದವು. ಇಡೀ ಶಾಲೆಯ ಗಾತ್ರ, ಸೌಕರ್ಯಗಳಿಗಿಂತ ಒಂದೊಂದು ಕೋಣೆಯ ಜೋಡಣೆಯೇ ಹೆಚ್ಚು ತೂಗಿತು ಎಂಬುದು ನಾವು ಗಮನಿಸಬೇಕಾದ ಮಾತು. ಇಂಗ್ಲೆಂಡಿನ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ಎತ್ತಿ ತರಲಾಗದು, ನಿಜ. ಆದರೆ ಅಂಥ ಪ್ರಶ್ನೆಯನ್ನು ನಾವು ಕೇಳಿಕೊಂಡೇ ಇಲ್ಲ.

2022ರ ನವೆಂಬರ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಶಾಲಾ ಕೊಠಡಿ ಕಟ್ಟುವ ‘ವಿವೇಕ’ ಯೋಜನೆಗೆ ಚಾಲನೆ ಕೊಟ್ಟರು. 7,601 ಕೊಠಡಿ, ಸುಮಾರು 992 ಕೋಟಿ ರೂಪಾಯಿ. ಕೊಠಡಿಯೊಂದಕ್ಕೆ ಹೆಚ್ಚುಕಡಿಮೆ 13 ಲಕ್ಷ. ರಾಜ್ಯದ ಶಾಲೆಗಳಿಗೆ ಅಷ್ಟು ದೊಡ್ಡ ಮೊತ್ತ ಒಮ್ಮೆಗೇ ಬರುವುದು ಅಪರೂಪ. ಆಗ ನಡೆದ ಚರ್ಚೆ ನೆನಪಿದೆಯೇ? ಹೊರಗೋಡೆಗೆ ಕೇಸರಿ ಬಳಿಯಬೇಕೇ ಬೇಡವೇ ಎಂದು ಪತ್ರಿಕೆ, ಟಿ.ವಿ., ರಾಜಕೀಯ ವೇದಿಕೆಗಳು ಕಾದಾಡಿದವು. ಒಳಗೋಡೆಯಲ್ಲಿ ಮಗುವಿಗೆ ಎಟಕುವ ಕಪ್ಪುಪಟ್ಟಿ ಇದೆಯೇ ಎಂಬ ಪ್ರಶ್ನೆ ಆಳುವವರಿಂದಲೂ ಬರಲಿಲ್ಲ, ವಿರೋಧಿಸಿದವರಿಂದಲೂ ಬರಲಿಲ್ಲ. ಬರೆಯುವ ನಾವೂ ಅದನ್ನು ಮುಂದಿಡಲಿಲ್ಲ.

ಕೇಳಲು ಕಾರಣಗಳು ಬೇಕಾದಷ್ಟಿದ್ದವು, ಈಗಲೂ ಇವೆ. ಮಕ್ಕಳ ಕಲಿಕೆಯನ್ನು ಅಳೆಯುವ 2024ರ ಅಸರ್ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು ಶೇ 23.4 ಮಾತ್ರ. 2022ರಲ್ಲಿ ಇದು ಶೇ 16.3 ಇತ್ತು, ಏರಿರುವುದು ಸಮಾಧಾನದ ಸಂಗತಿ. ಆದರೂ ನಾಲ್ವರಲ್ಲಿ ಮೂವರು ಇನ್ನೂ ಹೊರಗಿದ್ದಾರೆ. ಓದು ಗಟ್ಟಿಯಾಗಬೇಕಾದದ್ದು ನಲಿಕಲಿಯ ಈ ಮೂರು ವರ್ಷಗಳಲ್ಲಿ. ನಾಲ್ಕಕ್ಕೆ ಹೋದ ಮಗು ನೆಲದಿಂದೆದ್ದು ಬೆಂಚಿನ ಸಾಲಿಗೆ ಸೇರುತ್ತದೆ, ಕಾರ್ಡು ಹೋಗಿ ಪಠ್ಯಪುಸ್ತಕ ಬರುತ್ತದೆ. ಆಮೇಲೆ ಅದು ರ, ಗ, ಸ, ದ, ಅ ಇರುವ ಏಣಿಯ ಬುಡಕ್ಕೆ ಮರಳಿ ಬರುವ ದಾರಿ ಕಡಿಮೆ.

ಕಟ್ಟಡ ಸರಿಮಾಡಿದರೆ ಕಲಿಕೆ ತಾನಾಗಿ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಶಿಕ್ಷಕರೇ ಇಲ್ಲದ ಕಡೆ ಯಾವ ಕೋಣೆಯೂ ಕಲಿಸದು. ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ತರಗತಿವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕ, ಪ್ರತಿ ಶಿಕ್ಷಕನಿಗೆ ಒಂದು ಕೋಣೆ ಎನ್ನುತ್ತದೆ. ಲೆಕ್ಕ ಹಾಳೆಯ ಮೇಲೆ ಕೂಡಿಬರುತ್ತದೆ. ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಬ್ಬರು ಸಭೆಗೋ ಗಣತಿಗೋ ದಾಖಲೆ ತುಂಬಲಿಕ್ಕೋ ಹೋದ ದಿನ ಐದೂ ತರಗತಿ ಇನ್ನೊಬ್ಬರ ತಲೆಗೆ. ಅಂಥ ದಿನಗಳು ಕಡಿಮೆಯೇನಲ್ಲ. ಇಲ್ಲಿಯೂ ನಕ್ಷೆ ನೆರವಾಗಬಹುದು: ಎರಡು ಕೋಣೆಗಳ ನಡುಗೋಡೆಯಲ್ಲಿ ಒಂದು ಬಾಗಿಲು, ಪಕ್ಕಕ್ಕೊಂದು ತಗ್ಗಿನ ಕಿಟಕಿ ಇಟ್ಟರೆ ಒಬ್ಬರೇ ಎರಡೂ ಕಡೆ ಕಣ್ಣಿಡಬಹುದು. ಈಗ ಜಗಲಿಗೆ ಬಂದು, ಬಿಸಿಲಲ್ಲಿ ಸುತ್ತಿ, ಇನ್ನೊಂದು ಬಾಗಿಲಿನಿಂದ ಒಳಹೋಗಬೇಕು.

ಇದೆಲ್ಲ ಹೊಸ ವಿಚಾರವೂ ಅಲ್ಲ. ಕಟ್ಟಡವೇ ಕಲಿಕೆಯ ಸಾಧನವಾಗಬೇಕು ಎಂಬ ‘ಬಾಲಾ’ ಕಲ್ಪನೆಯನ್ನು ದೆಹಲಿಯ ವಾಸ್ತುಶಿಲ್ಪಿ ಕಬೀರ್ ವಾಜಪೇಯಿ ಮತ್ತು ಅವರ ‘ವಿನ್ಯಾಸ್’ ಸಂಸ್ಥೆ ಯುನಿಸೆಫ್ ಜತೆ ಸೇರಿ ರೂಪಿಸಿದರು, ಸರ್ವ ಶಿಕ್ಷಾ ಅಭಿಯಾನ ಅದನ್ನು ಒಪ್ಪಿಕೊಂಡಿತು. ಬಾಗಿಲು ತೆರೆಯುವ ಜಾಗದ ನೆಲದಲ್ಲಿ ಕೋನದ ಅಳತೆ, ಕಿಟಕಿಯ ಸರಳಿನಲ್ಲಿ ಅಕ್ಷರದ ತಿರುವು ತಿದ್ದುವ ಆಕಾರ, ಕಂಬದ ಮೇಲೆ ಎತ್ತರದ ಗೆರೆ. ಅದು ನಮ್ಮೂರುಗಳಿಗೆ ಇಳಿದುಬರುವ ಹೊತ್ತಿಗೆ ಗೋಡೆಯ ಮೇಲಿನ ರೈಲಿನ ಚಿತ್ರ, ಗಾದೆಮಾತುಗಳಷ್ಟೇ ಉಳಿದವು. ಬಣ್ಣ ಬಳಿಯುವುದು ಸುಲಭ, ನಕ್ಷೆ ಬದಲಿಸುವುದು ಕಷ್ಟ.

ಸದ್ದಿಗೆ ಮದ್ದು ಪಂಚನಹಳ್ಳಿಯ ತೋಟಗಳಲ್ಲಿಯೇ ಇದೆ. ತಿಪಟೂರು, ಅರಸೀಕೆರೆ, ಕಡೂರು ಸೀಮೆಯ ತೆಂಗಿನ ಸಿಪ್ಪೆಯ ನಾರು ಸದ್ದನ್ನು ಚೆನ್ನಾಗಿ ಹೀರುತ್ತದೆ. ಸೂರಿಗೆ, ಹಿಂಬದಿ ಗೋಡೆಯ ಮೇಲರ್ಧಕ್ಕೆ ನಾರಿನ ಹಲಗೆ ಹೊಡೆಸಿ, ನೆಲಕ್ಕೆ ನಾರಿನ ಚಾಪೆ ಹಾಸಿದರೆ ಕೋಣೆಯ ಗದ್ದಲ ತಗ್ಗುತ್ತದೆ. ಚಳಿಗಾಲದ ಬೆಳಿಗ್ಗೆ ಟೈಲ್ಸಿನ ಮೇಲೆ ಕೂರುವ ಮಕ್ಕಳಿಗೆ ಬೆಚ್ಚಗೂ ಇರುತ್ತದೆ. ಹದಿಮೂರು ಲಕ್ಷದ ಕೊಠಡಿಯಲ್ಲಿ ಇದು ಹೊರೆಯಾಗುವ ಖರ್ಚಲ್ಲ. ಅಂದಾಜುಪಟ್ಟಿಯಲ್ಲಿ ಅದಕ್ಕೊಂದು ಸಾಲು ಇರಬೇಕು, ಅಷ್ಟೇ.

ಆ ಸಾಲು ಬರೆಸಬೇಕಾದವರು ಯಾರು? 2001ರಿಂದ ನಮ್ಮಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಪೋಷಕರೇ ಹೆಚ್ಚಾಗಿರುವ ಈ ಸಮಿತಿಗೆ ಕಾಮಗಾರಿ ನೋಡುವ ಅಧಿಕಾರವೂ ಇದೆ. ಸಮಿತಿಯವರು ಸಿಮೆಂಟು, ಮರಳು, ಕಬ್ಬಿಣದ ಗುಣಮಟ್ಟ ವಿಚಾರಿಸುತ್ತಾರೆ, ವಿಚಾರಿಸಲೇಬೇಕು. ಜತೆಗೆ ಅಡಿಪಾಯ ತೋಡುವ ಮುನ್ನವೇ ನಕ್ಷೆಯನ್ನು ನಲಿಕಲಿ ಶಿಕ್ಷಕಿಯ ಮುಂದೆ ಹರಡಿ, ಹಲಗೆ ಎಷ್ಟೆತ್ತರಕ್ಕಿರಲಿ, ಕಪಾಟು ಎಲ್ಲಿರಲಿ, ಚಪ್ಪರದ ಕೊಕ್ಕೆ ಎಷ್ಟು ಬೇಕು ಎಂದು ಕೇಳಿ, ಆಕೆಯ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಲಿ. ಗುತ್ತಿಗೆದಾರರ ಕೊನೆಯ ಬಿಲ್ಲು ಪಾಸಾಗುವ ಮುನ್ನ ಎಂಜಿನಿಯರ್ ಸಹಿಯ ಪಕ್ಕದಲ್ಲಿ ಆಕೆಯ ಸಹಿಯೂ ಬೀಳಬೇಕೆಂದು ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ಅದಕ್ಕೆ ಹೊಸ ಅನುದಾನ ಬೇಕಾಗಿಲ್ಲ, ಮುಂದಿನ ಬಜೆಟ್‌ವರೆಗೆ ಕಾಯಬೇಕಾಗಿಯೂ ಇಲ್ಲ.