ಲೆಕ್ಕ ಗುಟ್ಟು, ದಾನಿಯ ಹೆಸರು ಬಟಾಬಯಲು!

ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈಗ ಎಡಗೈಗೆ ತಿಳಿಯುವ ಮೊದಲೇ ಊರಿನ ಹತ್ತು ಮೊಬೈಲುಗಳಿಗೆ ತಿಳಿದಿರುತ್ತದೆ. ದಾನಧರ್ಮದ ಹೊಸ ಮಹಿಮೆ ಇದು!

ಅಂಗಡಿ ಬೀದಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅನಾಥಾಶ್ರಮಕ್ಕೆಂದೋ, ಬಡ ರೋಗಿಯ ಆಪರೇಷನ್ನಿಗೆಂದೋ ಇಬ್ಬರು ಬಂದು ನಿಲ್ಲುತ್ತಾರೆ. ಬೋಣಿಯ ಹೊತ್ತಿನಲ್ಲಿ ಇಲ್ಲ ಎನ್ನಲು ಮನಸ್ಸು ಬಾರದೆ ಐನೂರು ಕೊಡುತ್ತೀರಿ. ಹಿಂದೆಲ್ಲ ರಸೀದಿ ಹರಿದು ಕೊಟ್ಟರೆ ವ್ಯವಹಾರ ಮುಗಿಯಿತು. ಈಗ ಹಾಗಲ್ಲ. 'ಫೋನ್ ನಂಬರ್ ಹೇಳಿ ಸಾರ್, ಪ್ಯಾನ್ ನಂಬರ್ ಕೊಡಿ ಸಾರ್, ಹುಟ್ಟಿದ ತಾರೀಕು, ಮದುವೆಯಾದ ದಿನ...' ಮದುವೆ ದಿನ ಇವರಿಗೆ ಯಾಕೆ ಸ್ವಾಮಿ? ಆ ದಿನ ಇನ್ನೊಮ್ಮೆ ಕೈಚಾಚಲಿಕ್ಕೆ!

ಆಮೇಲೆ ಹೆಸರೇ ಕೇಳದ ಇನ್ಯಾವುದೋ ಸಂಸ್ಥೆಯಿಂದ ಫೋನ್ ಬರುತ್ತದೆ. ನನ್ನ ನಂಬರ್ ಎಲ್ಲಿಂದ ಸಿಕ್ಕಿತು ಎಂದು ಕೇಳಿ ನೋಡಿ. ಉತ್ತರ ಬರುವುದಿಲ್ಲ, ಲೈನು ಕಟ್ಟಾಗುತ್ತದೆ.

ಸಂಸ್ಥೆಯವರೆಲ್ಲ ಕಳ್ಳರು ಎಂದು ನಾವು ಹೇಳುತ್ತಿಲ್ಲ. ಹೆಸರು, ವಿಳಾಸ ಬರೆದಿಡದಿದ್ದರೆ ಅವರಿಗೇ ಕಷ್ಟ. ಯಾರು ಕೊಟ್ಟರೆಂಬ ದಾಖಲೆ ಇಲ್ಲದ ಹಣ ಒಂದು ಮಿತಿ ದಾಟಿದರೆ ಧರ್ಮಾರ್ಥ ಟ್ರಸ್ಟು ಅದರ ಮೇಲೆ ನೂರಕ್ಕೆ 30ರಂತೆ ತೆರಿಗೆ ಕಟ್ಟಬೇಕಾಗುತ್ತದೆ. ಪ್ಯಾನ್ ಕೇಳುವುದಕ್ಕೂ ಕಾರಣ ಉಂಟು. ಜನ 80ಜಿ ಎಂದು ಕರೆಯುವ ತೆರಿಗೆ ರಿಯಾಯಿತಿ ದಾನಿಗೆ ಸಿಗಬೇಕಾದರೆ, ಯಾರು ಎಷ್ಟು ಕೊಟ್ಟರೆಂಬ ಪಟ್ಟಿಯನ್ನು ಸಂಸ್ಥೆ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕು. 2021ರಲ್ಲಿ ಬಂದ ನಿಯಮ ಇದು. ಆದರೆ ಹೊಸ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಆ ರಿಯಾಯಿತಿ ಇಲ್ಲ. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೂ ಇಲ್ಲ. ರಿಯಾಯಿತಿಯೇ ಸಿಗದವನ ಪ್ಯಾನ್ ನಂಬರಿಗೆ ರಸೀದಿ ಪುಸ್ತಕದಲ್ಲಿ ಏನು ಕೆಲಸ?

ಪಟ್ಟಿ ತಾನೇ, ಹೋದರೇನು ಎನ್ನುವವರಿದ್ದಾರೆ. ಇಂಗ್ಲೆಂಡಿನ ಕತೆ ಕೇಳಲಿ. 2016ರ ಡಿಸೆಂಬರಿನಲ್ಲಿ ಅಲ್ಲಿನ ಮಾಹಿತಿ ಆಯುಕ್ತರು ಎರಡು ಹೆಸರಾಂತ ಸಂಸ್ಥೆಗಳಿಗೆ ದಂಡ ಹಾಕಿದರು. ಪ್ರಾಣಿದಯಾ ಸಂಘ ಆರ್‌ಎಸ್‌ಪಿಸಿಎಗೆ 25,000 ಪೌಂಡು, ಬ್ರಿಟಿಷ್ ಹಾರ್ಟ್ ಫೌಂಡೇಶನ್ನಿಗೆ 18,000 ಪೌಂಡು. ತಪ್ಪೇನು? ದಾನಿಗಳಿಗೆ ತಿಳಿಸದೆ, ಯಾರ ಬಳಿ ಎಷ್ಟು ಆಸ್ತಿ ಇದೆ, ಯಾರನ್ನು ಇನ್ನಷ್ಟು ಹಿಂಡಬಹುದು ಎಂದು ಬೇರೆ ಕಂಪನಿಗಳಿಂದ ಜಾಲಾಡಿಸಿದ್ದು. ಮರುವರ್ಷ ಏಪ್ರಿಲಿನಲ್ಲಿ ಇನ್ನೂ 11 ಸಂಸ್ಥೆಗಳಿಗೆ ದಂಡ ಬಿತ್ತು.

ಅಮೆರಿಕದ್ದು ಇನ್ನೊಂದು ಬಗೆ. ಸಾವಿರಾರು ಸೇವಾ ಸಂಸ್ಥೆ, ಶಾಲೆ, ಆಸ್ಪತ್ರೆಗಳ ದಾನಿಗಳ ಪಟ್ಟಿ ಇಟ್ಟುಕೊಂಡಿದ್ದ ಬ್ಲ್ಯಾಕ್‌ಬಾಡ್ ಎಂಬ ಕಂಪನಿಯ ಕಂಪ್ಯೂಟರಿಗೆ 2020ರಲ್ಲಿ ಕನ್ನ ಬಿತ್ತು. ಬ್ಯಾಂಕ್ ವಿವರ ಹೋಗಿಲ್ಲ ಎಂದು ಕಂಪನಿ ಮೊದಲು ಹೇಳಿತು. ಕೆಲವರದ್ದು ಹೋಗಿತ್ತೆಂದು ಆಮೇಲೆ ಹೊರಬಿತ್ತು. 2023ರಲ್ಲಿ ಅಲ್ಲಿನ 49 ರಾಜ್ಯಗಳಿಗೂ ರಾಜಧಾನಿ ವಾಷಿಂಗ್ಟನ್ನಿಗೂ ಸೇರಿ 4.95 ಕೋಟಿ ಡಾಲರ್ ತೆರಲು ಒಪ್ಪಿಕೊಂಡಿತು.

ನಮ್ಮಲ್ಲಿ ಕಾನೂನು ಇಲ್ಲವೇ? ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಕಟ್ಟುಪಾಡುಗಳಿಗೆ ಅಲ್ಲಿಂದ 18 ತಿಂಗಳ ಗಡುವು. ಯಾವ ಕೆಲಸಕ್ಕೆಂದು ಕೇಳಿ ಪಡೆದರೋ ಅದಕ್ಕೇ ಬಳಸಬೇಕು. ಯಾಕೆ ಬೇಕೆಂದು ತಿಳಿಸುವ ಸೂಚನೆ ಕನ್ನಡದಲ್ಲೂ ಸಿಗಬೇಕು. ಕೊಟ್ಟ ಒಪ್ಪಿಗೆಯನ್ನು ವಾಪಸ್ಸು ಪಡೆಯಬಹುದು. ಕಾಪಾಡಲಾರದೆ ಸೋರಗೊಟ್ಟವರಿಗೆ 250 ಕೋಟಿ ರೂಪಾಯಿವರೆಗೆ ದಂಡ. ಆದರೆ ಬರೀ ಕಾಗದದ ರಸೀದಿ ಪುಸ್ತಕ ಈ ಕಾಯ್ದೆಗೆ ಸಿಗದು. ಅದರ ವಿವರ ಕಂಪ್ಯೂಟರಿಗೋ ಮೊಬೈಲಿಗೋ ಏರಿದರೆ ಮಾತ್ರ ಸಿಗುತ್ತದೆ.

ಕಾನೂನಿನ ಮಾತು ಬಿಡಿ, ಮರ್ಯಾದೆಯ ಮಾತಾಡೋಣ. ಕಿರಾಣಿ ಅಂಗಡಿಯವನ ಹತ್ತಿರ ಉದ್ರಿ ಪುಸ್ತಕ ಇರುತ್ತದೆ. ಯಾರ ಮನೆಯಲ್ಲಿ ಅಕ್ಕಿ ಸಾಲ, ಯಾರು ಮೂರು ತಿಂಗಳಿಂದ ಕೊಟ್ಟಿಲ್ಲ ಎಲ್ಲ ಅದರಲ್ಲಿದೆ. ಮೇಷ್ಟ್ರ ಬಾಕಿಯನ್ನು ಕಂಡಕ್ಟರಿಗೆ ತೋರಿಸಿದ ಅಂಗಡಿಗೆ ಮರುದಿನ ಯಾರು ಹೋಗುತ್ತಾರೆ? ಏಳನೇ ಕ್ಲಾಸು ಓದಿದ ಅಂಗಡಿಯವನಿಗೆ ಗೊತ್ತಿರುವ ಈ ವ್ಯವಹಾರ ಜ್ಞಾನ ಟ್ರಸ್ಟಿನ ಕಾರ್ಯದರ್ಶಿಗೆ ಬೇಡವೇ?

ನಮ್ಮ ತಕರಾರು ಇಷ್ಟೆ. ಹಲವು ಸಂಸ್ಥೆಗಳಲ್ಲಿ ಎಲ್ಲ ತಿರುಗುಮುರುಗು. ಬಂದ ಹಣ ಎಷ್ಟು, ಅಕ್ಕಿಗೆ ಎಷ್ಟು ಹೋಯಿತು, ಜೀಪಿಗೆ ಎಷ್ಟು ಹೋಯಿತು ಎಂದು ಕೇಳಿದರೆ 'ಅದು ಆಂತರಿಕ ವಿಷಯ' ಅನ್ನುತ್ತಾರೆ. ದಾನಿಗಳ ಹೆಸರು, ನಂಬರು ಮಾತ್ರ ವಾಟ್ಸಾಪ್ ಗುಂಪಿನಲ್ಲಿ ರಾರಾಜಿಸುತ್ತಿರುತ್ತದೆ. ಬಹಿರಂಗ ಆಗಬೇಕಾದ್ದು ಲೆಕ್ಕ, ಭದ್ರವಾಗಿರಬೇಕಾದ್ದು ಕೊಟ್ಟವನ ವಿವರ. ಗೋಡೆಯ ಮೇಲೆ ದಾನಿಗಳ ಹೆಸರು ಬರೆಸುವುದಾದರೂ ಒಂದು ಮಾತು ಕೇಳಿ ಬರೆಸಲಿ.

'ನಾವು ಚಿಕ್ಕವರು, ನಮಗೆ ಕಂಪ್ಯೂಟರ್ ಗೊತ್ತಿಲ್ಲ' ಎಂಬ ಸಬೂಬು ಬೇಡ. ಬೇಕಾದಷ್ಟೇ ಬರೆದುಕೊಳ್ಳುವುದಕ್ಕೆ, ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದಕ್ಕೆ, 'ಇನ್ನು ಫೋನ್ ಮಾಡಬೇಡಿ' ಎಂದವರ ಹೆಸರು ಹೊಡೆದುಹಾಕುವುದಕ್ಕೆ ಇಂಜಿನಿಯರ್ ಬೇಕಿಲ್ಲ.

ಹೀಗೇ ಬಿಟ್ಟರೆ ನಷ್ಟ ಯಾರಿಗೆ? ಕಿರಿಕಿರಿ ತಾಳದೆ ಅಂಗಡಿಯವರು ಎಲ್ಲರಿಗೂ 'ಮುಂದೆ ಹೋಗಿ' ಅನ್ನಲು ಶುರುಮಾಡುತ್ತಾರೆ. ಪಟ್ಟಿ ಮಾರಿದವನಿಗೆ ಏನೂ ಆಗುವುದಿಲ್ಲ. ನಿಯತ್ತಿನಿಂದ ಆಶ್ರಮ ನಡೆಸುವವರ ಮಕ್ಕಳ ತಟ್ಟೆಗೆ ಒಂದು ಸೌಟು ಕಡಿಮೆ ಬೀಳುತ್ತದೆ.

ಆದ್ದರಿಂದ ಕೊಡುವುದನ್ನು ನಿಲ್ಲಿಸಬೇಡಿ. ರಸೀದಿ ಕೇಳಿ, ಹೋದ ವರ್ಷದ ಲೆಕ್ಕ ಕೇಳಿ. ಫೋನ್ ನಂಬರ್ ಕೇಳಿದರೆ 'ಯಾಕೆ ಬೇಕು, ಇನ್ಯಾರಿಗೆ ಕೊಡ್ತೀರಿ?' ಎಂದು ನೀವೂ ಕೇಳಿ. ನೆಟ್ಟಗೆ ಉತ್ತರ ಕೊಟ್ಟವರಿಗೆ ನೂರು ರೂಪಾಯಿ ಹೆಚ್ಚೇ ಕೊಡಿ.